ಉತಾರ ಊರಲ್ಲಿರಬೇಕೋ, ತಂತಿಯಲ್ಲಿ ಬರಬೇಕೋ?

ಮುಂಗಾರು ಬಿತ್ತನೆಯ ಹೊತ್ತಿಗೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ತಹಸೀಲ್ದಾರ್ ಕಚೇರಿಗಳಲ್ಲಿ ಉತಾರದ, ಅಂದರೆ ಪಹಣಿಯ, ಸಾಲು ಉದ್ದವಾಗುತ್ತದೆ. ಸೊಸೈಟಿಯ ಬೆಳೆಸಾಲಕ್ಕೆ ಉತಾರ, ಬೆಳೆವಿಮೆಗೆ ಉತಾರ, ಅಣ್ಣತಮ್ಮಂದಿರ ಪಾಲಿಗೆ ಉತಾರ. ಗುಡುಗು ಸಿಡಿಲು, ಕರೆಂಟು ಕೈಕೊಡುವುದು, ಕೇಬಲ್ಲಿನ ಜೋಡಣೆಗೆ ನೀರಿಳಿಯುವುದು ಕೂಡ ಅದೇ ತಿಂಗಳುಗಳಲ್ಲೇ. ಕೆಲಸ ಹೆಚ್ಚಿದ ದಿನವೇ ಲೈನ್ ಕೆಡುವ ಸಂಭವವೂ ಹೆಚ್ಚು. "ಸರ್ವರ್ ಇಲ್ರೀ, ಮಧ್ಯಾಹ್ನದ ಮ್ಯಾಲೆ ಬರ್ರಿ" ಎಂಬ ಮಾತು ಕೇಳದ ರೈತ ಈ ಭಾಗದಲ್ಲಿ ಸಿಗುವುದು ಕಷ್ಟ.

ಈ ಮಾತಿನ ಹಿಂದೆ ಇನ್ನೂ ತೀರ್ಮಾನವಾಗದ ಒಂದು ಪ್ರಶ್ನೆಯಿದೆ. ಜಮೀನಿನ ದಾಖಲೆ ಇರುವ ಕಂಪ್ಯೂಟರೂ ಅದನ್ನು ಅಚ್ಚು ಹಾಕುವ ಪ್ರಿಂಟರೂ ತಾಲ್ಲೂಕು ಕಚೇರಿಯ ಒಂದೇ ಕೋಣೆಯಲ್ಲಿರಬೇಕೋ? ಅಥವಾ ದಾಖಲೆ ಬೆಂಗಳೂರಿನಲ್ಲಿದ್ದು, ಊರಿನ ಕೌಂಟರಿನಲ್ಲಿ ಟರ್ಮಿನಲ್ ಮತ್ತು ಪ್ರಿಂಟರು ಮಾತ್ರ ಇದ್ದು, ನಡುವಿನ ಕೆಲಸವನ್ನು ಟೆಲಿಫೋನ್ ಲೈನ್ ಮಾಡಬೇಕೋ? ರಾಜ್ಯ ಮೊದಲು ಒಂದನೆಯದನ್ನು ಆರಿಸಿಕೊಂಡಿತು, ಆಮೇಲೆ ಎರಡನೆಯದರತ್ತ ಹೊರಳಿತು. ಎರಡಕ್ಕೂ ತಕ್ಕ ಕಾರಣಗಳಿದ್ದವು. ಎರಡರಿಂದಲೂ ಆದ ನಷ್ಟಗಳನ್ನು ಮಾತ್ರ ಯಾರೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡಿಲ್ಲ.

ಲೈನ್ ಏನು ಕೇಳುತ್ತದೆ

ವಾದಕ್ಕೆ ಇಳಿಯುವ ಮೊದಲು ಪ್ರಿಂಟರನ್ನು ಟೆಲಿಫೋನ್ ತಂತಿಗೆ ಕಟ್ಟುವುದೆಂದರೆ ಏನು ಎಂಬುದನ್ನು ನೋಡಬೇಕು. ತಂತಿ ಹುಟ್ಟಿದ್ದು ಮನುಷ್ಯರ ದನಿಗಾಗಿ. ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಅದು ಸಾಗಿಸುತ್ತಿತ್ತು. ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ಆ ಸದ್ದಿನ ರೂಪಕ್ಕೆ ತರುವ ಪೆಟ್ಟಿಗೆಯೇ ಮೋಡೆಮ್. ಅದರ ವೇಗ ಸೆಕೆಂಡಿಗೆ 300 ಬಿಟ್‌ನಿಂದ ಮೊದಲಾಗಿ 1200, 9600 ಎಂದು ಏರುತ್ತ, 1990ರ ದಶಕದ ಕೊನೆಗೆ 56 ಸಾವಿರಕ್ಕೆ ಬಂದು ನಿಂತಿತು. ಅಲ್ಲೇ ನಿಲ್ಲಲು ಕಾರಣ ಎಕ್ಸ್‌ಚೇಂಜಿನೊಳಗಿದೆ. ಡಿಜಿಟಲ್ ಎಕ್ಸ್‌ಚೇಂಜು ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತದೆ. ಒಂದು ಕರೆಗೆ 64 ಸಾವಿರ ಬಿಟ್. ಅದನ್ನು ಮೀರಿ ಏನೂ ಹೋಗಲಾರದು.

ಇಂಥ ಎಕ್ಸ್‌ಚೇಂಜು ನಮ್ಮ ಹಳ್ಳಿಗಾಡಿಗೆ ಬಂದದ್ದು ಈ ಭಾಗದ ಮೂಲಕವೇ. ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನಿನ ಮೊದಲ ಗ್ರಾಮೀಣ ಎಕ್ಸ್‌ಚೇಂಜನ್ನು 1986ರಲ್ಲಿ ಸ್ಥಾಪಿಸಿದ್ದು ಧಾರವಾಡದಾಚೆಯ ಕಿತ್ತೂರಿನಲ್ಲಿ. ಏರ್ ಕಂಡೀಶನರ್ ಇಲ್ಲದೆ, ಧೂಳು ಮತ್ತು ಸೆಕೆಯನ್ನು ತಾಳಿಕೊಂಡು ನಡೆಯುವುದು ಅದರ ಹೆಚ್ಚುಗಾರಿಕೆ.

ಅದೇ ಕಾಲದಲ್ಲಿ ದೊಡ್ಡ ಕಂಪನಿಗಳು, ಆಸ್ಪತ್ರೆಗಳು ತಮ್ಮ ಕಟ್ಟಡದೊಳಗಿನ ಖಾಸಗಿ ಎಕ್ಸ್‌ಚೇಂಜಿಗೇ ಪ್ರಿಂಟರು, ಟರ್ಮಿನಲ್‌ಗಳನ್ನು ಸೇರಿಸುತ್ತಿದ್ದವು. ಎಟಿ ಅಂಡ್ ಟಿಯ ಡೆಫಿನಿಟಿಯಂಥ ಯಂತ್ರಗಳಲ್ಲಿ ಅದಕ್ಕೆಂದೇ ಡೇಟಾ ಲೈನ್ ಕಾರ್ಡುಗಳಿದ್ದವು. ಪ್ರಿಂಟರಿಗೂ ಸಾಹೇಬರ ಫೋನಿನಂತೆ ಒಂದು ಎಕ್ಸ್‌ಟೆನ್ಶನ್ ನಂಬರು. ಟರ್ಮಿನಲ್ ಮುಂದೆ ಕೂತವನು ಕೀಲಿಮಣೆಯಲ್ಲೇ ಆ ನಂಬರು ಒತ್ತಿದರೆ ಪ್ರಿಂಟರು "ಎತ್ತಿಕೊಳ್ಳುತ್ತಿತ್ತು". ಯಾವ ಟರ್ಮಿನಲ್ ಯಾವ ಪ್ರಿಂಟರನ್ನು ಕರೆಯಬಹುದು, ಪ್ರಿಂಟರು ತಾನಾಗಿ ಯಾರನ್ನೂ ಕರೆಯದಂತೆ ಹೇಗೆ ತಡೆಯಬೇಕು ಎಂಬುದನ್ನೆಲ್ಲ ಎಕ್ಸ್‌ಚೇಂಜಿನಲ್ಲಿಯೇ ನಿಗದಿ ಮಾಡಬೇಕಿತ್ತು. ಪ್ರಿಂಟರಿನ ಸಾಮಾನ್ಯ ಸೀರಿಯಲ್ ಕೇಬಲ್ 15 ಮೀಟರ್ ದಾಟಿದರೆ ನಂಬುವಂತಿರಲಿಲ್ಲ. ಟೆಲಿಫೋನ್ ತಂತಿಯಾದರೋ ಆಗಲೇ ಪ್ರತಿ ಕೋಣೆಯನ್ನೂ ಮುಟ್ಟಿತ್ತು. ಅದು ಲಾಭ. 9600 ಬಿಟ್‌ನಲ್ಲಿ ತೆವಳುವ ಪ್ರಿಂಟರು 64 ಸಾವಿರ ಬಿಟ್‌ನ ಪೂರ್ತಿ ದಾರಿಯನ್ನು ಹಿಡಿದು ಕೂಡುತ್ತಿತ್ತು; ಅದು ನಷ್ಟ. ನಮ್ಮ ತಾಲ್ಲೂಕು ಕಚೇರಿಗಳಿಗೆ ಅಂಥ ದುಬಾರಿ ಎಕ್ಸ್‌ಚೇಂಜು ಬೇಕಾಗಲಿಲ್ಲ. ಆ ಎಕ್ಸ್‌ಚೇಂಜುಗಳು ಕೇಳಿದ ಪ್ರಶ್ನೆಗಳು ಮಾತ್ರ ಇಲ್ಲಿಗೂ ಬಂದವು: ಯಾರು ಯಾವ ಪ್ರಿಂಟರನ್ನು ಕರೆಯಬಹುದು, ದಾರಿ ಯಾರ ವಶದಲ್ಲಿರಬೇಕು.

ತಂತಿಯ ಎರಡೂ ತುದಿಗಳಲ್ಲಿ ಒಂದೇ ರೀತಿ ಹೊಂದಿಸಬೇಕಾದವು ಕೆಲವಿವೆ: ವೇಗ, ಒಂದು ಅಕ್ಷರಕ್ಕೆ ಏಳು ಬಿಟ್ಟೋ ಎಂಟು ಬಿಟ್ಟೋ, ತಪ್ಪು ಹಿಡಿಯುವ ಪ್ಯಾರಿಟಿ ಬಿಟ್ ಇದೆಯೋ ಇಲ್ಲವೋ, ಕಾಗದ ಮುಗಿದಾಗ ಪ್ರಿಂಟರು "ತಾಳು" ಎನ್ನುವುದು ಹೇಗೆ. ಕೊನೆಯದನ್ನು ಮರೆತರೆ ಪ್ರಿಂಟರಿನ ನೆನಪು ತುಂಬಿದ ಮೇಲೆ ಬಂದ ಸಾಲುಗಳು ಸುಮ್ಮನೆ ಕಳೆದುಹೋಗುತ್ತವೆ. ಕಾಗೆ-ಗುಬ್ಬಿಯ ಕಥೆ ಅಚ್ಚಾಗುತ್ತಿದ್ದರೆ ಎರಡು ಸಾಲು ಹೋದದ್ದು ದೊಡ್ಡದಲ್ಲ. ಉತಾರದಲ್ಲಿ ಹಾಗೆ ಹೋದದ್ದು ಋಣಗಳ ಕಾಲಮ್ಮಿನ ಸಾಲಾದರೆ ಬ್ಯಾಂಕಿನ ಬೋಜಾ ಇರುವ ಹೊಲ ಬೋಜಾ ಇಲ್ಲದ ಹೊಲವಾಗಿ ಕಾಣುತ್ತದೆ.

ಏಳು-ಎಂಟರ ಪ್ರಶ್ನೆ ಕನ್ನಡಕ್ಕೆ ಜೀವನ್ಮರಣದ್ದು. ಇಂಗ್ಲಿಷಿಗೆ ಏಳು ಬಿಟ್ ಸಾಕು. ಎಂಟನೆಯದನ್ನು ಪ್ಯಾರಿಟಿಗೆ ಬಿಟ್ಟುಕೊಡಬಹುದು. ಭಾರತೀಯ ಲಿಪಿಗಳಿಗಾಗಿ 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಒಪ್ಪಿದ ಇಸ್ಕಿ ಸಂಕೇತ ವ್ಯವಸ್ಥೆಯಲ್ಲಿ ನಮ್ಮ ಅಕ್ಷರಗಳೆಲ್ಲ ಕೂತಿರುವುದು 128ರ ಮೇಲೆ, ಅಂದರೆ ಆ ಎಂಟನೆಯ ಬಿಟ್ಟನ್ನು ನಂಬಿಕೊಂಡು. ಅಲ್ಲಿ 'ಕ'ದ ಸಂಖ್ಯೆ 179. ಏಳು ಬಿಟ್‌ಗೆ ಹೊಂದಿಸಿದ ಲೈನಿನಲ್ಲಿ ಎಂಟನೆಯದು ಕಳಚಿ 51 ಉಳಿಯುತ್ತದೆ. 51 ಎಂದರೆ ಇಂಗ್ಲಿಷಿನ ಅಂಕಿ 3. ಹಾಗೆಯೇ 'ಖ' 4 ಆಗುತ್ತದೆ, 'ಗ' 5 ಆಗುತ್ತದೆ. ಮಾಲೀಕನ ಹೆಸರಿನ ಜಾಗದಲ್ಲಿ ಅಂಕಿಗಳು ಉದುರಿ ಬೀಳುತ್ತವೆ. ಎಂಟು ಬಿಟ್‌ಗೆ ಹೊಂದಿಸಿ ಪ್ಯಾರಿಟಿ ಬಿಟ್ಟರೆ ಕನ್ನಡ ಉಳಿಯುತ್ತದೆ, ಆದರೆ ಅಕ್ಷರ ಅಕ್ಷರಕ್ಕೂ ನಡೆಯುತ್ತಿದ್ದ ತಪಾಸಣೆ ಹೋಗುತ್ತದೆ. ಆ ಕಾವಲನ್ನು ಮೋಡೆಮ್‌ಗೋ ತಂತ್ರಾಂಶಕ್ಕೋ ವಹಿಸಬೇಕು. ಇಷ್ಟು ಸಣ್ಣ ಹೊಂದಾಣಿಕೆಗೂ ಎರಡು ಮುಖಗಳಿವೆ.

ಇನ್ನೊಂದು ಲೆಕ್ಕ. ಒಂದು ಪುಟಕ್ಕೆ 3000 ಅಕ್ಷರಗಳೆಂದು ಹಿಡಿದು, ಸಂಕೇತಗಳನ್ನಷ್ಟೇ 9600 ಬಿಟ್ ವೇಗದಲ್ಲಿ ಕಳಿಸಿದರೆ ಮೂರು-ನಾಲ್ಕು ಸೆಕೆಂಡು ಸಾಕು. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಗಿಸ್ಟ್ ತಂತ್ರಜ್ಞಾನ ಮಾಡಿದ್ದು ಇದನ್ನೇ: ತಂತಿಯ ಮೇಲೆ ಸಂಕೇತ ಬರಲಿ, ಒತ್ತಕ್ಷರ ಗುಣಿತಗಳನ್ನು ಈಚೆ ತುದಿಯಲ್ಲೇ ಕೂಡಿಸೋಣ. ಪುಟವನ್ನು ಚಿತ್ರವಾಗಿ ಕಳಿಸಿದರೆ ಲೆಕ್ಕ ಬೇರೆ. ಇಂಚಿಗೆ 180 ಚುಕ್ಕೆ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಎಂಟು ಇಂಚು ಅಗಲ, ಹನ್ನೊಂದು ಇಂಚು ಉದ್ದದ ಪುಟವೆಂದರೆ 28 ಲಕ್ಷಕ್ಕೂ ಹೆಚ್ಚು ಚುಕ್ಕೆಗಳು. ಅದೇ ಲೈನಿನಲ್ಲಿ ಆರು ನಿಮಿಷಕ್ಕೂ ಮೇಲೆ. ಈಚೆ ತುದಿಯಲ್ಲಿ ಎಷ್ಟು ಬುದ್ಧಿ ಇದೆ ಎಂಬುದರ ಮೇಲೆ ಲೈನಿನ ಹೊರೆ ನಿಲ್ಲುತ್ತದೆ. ಕೌಂಟರಿನಲ್ಲಿ ಏನು ಇರಬೇಕು, ಬೆಂಗಳೂರಿನಲ್ಲಿ ಏನು ಇರಬೇಕು ಎಂಬ ದೊಡ್ಡ ಜಗಳದ ಬೀಜ ಇಲ್ಲೇ ಇದೆ.

ಕೋಣೆಯೊಳಗಿನ ದಾಖಲೆಯ ಪರವಾಗಿ

1988-89ರಲ್ಲಿ ಕೇಂದ್ರ ಸರ್ಕಾರ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಯೋಜನೆಯನ್ನು ಕೆಲವೇ ಜಿಲ್ಲೆಗಳಲ್ಲಿ ಶುರು ಮಾಡಿತು. ಕರ್ನಾಟಕಕ್ಕೆ ಅದು ಆಮೇಲೆ ಬಂತು. ಅಂಕಿಅಂಶಗಳು ಕಂಪ್ಯೂಟರಿಗೆ ಸೇರಿದರೂ ಹಳ್ಳಿಯಲ್ಲಿ ಆದ ಬದಲಾವಣೆ ಅಲ್ಲಿಗೆ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ಕಂಪ್ಯೂಟರಿನ ದಾಖಲೆ ಒಂದು, ತಲಾಠಿಯ ಪುಸ್ತಕದ ದಾಖಲೆ ಇನ್ನೊಂದು ಆದಾಗ ಜನ ನಂಬಿದ್ದು ಪುಸ್ತಕವನ್ನೇ. ದಾಖಲೆ ಹೊಲದಿಂದ ದೂರವಾದಷ್ಟೂ ಹಳತಾಗುತ್ತದೆ ಎಂಬ ಪಾಠ ಆಗ ಸಿಕ್ಕಿತು.

'ಭೂಮಿ' ಯೋಜನೆ ಆ ಪಾಠವನ್ನು ಕಲಿತಿತ್ತು. 1999ರಲ್ಲಿ ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಪ್ರಯೋಗವಾಗಿ ಆರಂಭವಾದ ಅದು, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಎನ್‌ಐಸಿ ಸಂಸ್ಥೆ ಬರೆದ ತಂತ್ರಾಂಶದೊಂದಿಗೆ, ಎರಡು ಮೂರು ವರ್ಷಗಳೊಳಗೆ ರಾಜ್ಯದ ತಾಲ್ಲೂಕುಗಳನ್ನೆಲ್ಲ ಮುಟ್ಟಿತು. ಸುಮಾರು 2 ಕೋಟಿ ದಾಖಲೆಗಳು, 67 ಲಕ್ಷ ಭೂಮಾಲೀಕರು. ಆಗಿನ ವಿನ್ಯಾಸದ ತಿರುಳು ಸರಳ: ತಾಲ್ಲೂಕಿನ ದಾಖಲೆ ತಾಲ್ಲೂಕು ಕಚೇರಿಯ ಸರ್ವರಿನಲ್ಲೇ, ಪ್ರಿಂಟರು ಪಕ್ಕದಲ್ಲೇ. ತಿದ್ದಲು ಕೂರುವ ನೌಕರ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಬಂದ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು. 15 ರೂಪಾಯಿ ಕೊಟ್ಟರೆ ಉತಾರ ಕೈಗೆ. ಕೈಬರಹದ ಉತಾರಕ್ಕೆ ಮಾನ್ಯತೆ ಇಲ್ಲ.

ಈ ವ್ಯವಸ್ಥೆಗೆ ಉತಾರ ಅಚ್ಚು ಹಾಕಲು ಯಾವ ಲೈನೂ ಬೇಕಿರಲಿಲ್ಲ. ಮಲೆನಾಡಿನ ಸೆರಗಿನ ಹಾನಗಲ್ಲಿನಲ್ಲಿ ಮೂರು ದಿನ ಮಳೆ ಹಿಡಿದರೂ ಜನರೇಟರು ನಡೆಯುವವರೆಗೆ ಉತಾರ ಸಿಗುತ್ತಿತ್ತು. ಲಂಚದ ಕುರಿತು ಆಗ ನಡೆದ ಒಂದು ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಕೈಬರಹದ ಪದ್ಧತಿಯಲ್ಲಿದ್ದವರ ಪೈಕಿ ಮೂರರಲ್ಲಿ ಎರಡು ಪಾಲು ಲಂಚದ ಮಾತಾಡಿದರೆ, ಭೂಮಿ ಕೌಂಟರ್ ಬಳಸಿದವರಲ್ಲಿ ಅದು ನೂರಕ್ಕೆ 3 ಮಾತ್ರ. ಕೇಂದ್ರೀಕರಣದ ಪರವಾದ ಮಾತುಗಳಲ್ಲಿ ಈ ಸಾಧನೆ ಬಂದುಹೋಗುವುದುಂಟು. ಆದರೆ ದಾಖಲೆ ಇನ್ನೂ ತಾಲ್ಲೂಕಿನ ಕೋಣೆಯೊಳಗೇ ಇದ್ದ ಕಾಲದ ಫಲ ಅದು. ಲಂಚ ಕಡಿಮೆ ಮಾಡಿದ್ದು ಬೆಂಗಳೂರಿನ ಲೈನ್ ಎನ್ನಲಾಗದು. ಅಚ್ಚಿನ ಉತಾರ, ನಿಗದಿತ ಶುಲ್ಕ, ಮುರಿಯಲಾಗದ ಸರದಿ ಈ ಮೂರು ಮಾಡಿದ ಕೆಲಸ ಅದು.

ಹೊಣೆಯ ಮಾತೂ ಇದೆ. ಯಂತ್ರ ಕೋಣೆಯಲ್ಲಿದ್ದಾಗ ಅದು ಕೆಟ್ಟರೆ ಕೇಳಲು ಒಬ್ಬ ಮನುಷ್ಯ ಎದುರಿಗಿದ್ದ. ಈಗ ಲೈನ್ ಟೆಲಿಫೋನ್ ಸಂಸ್ಥೆಯದು, ಸರ್ವರ್ ರಾಜಧಾನಿಯದು, ಕೌಂಟರ್ ಕಂದಾಯ ಇಲಾಖೆಯದು. ನಕ್ಷೆಗಳೂ ಒಂದಕ್ಕೊಂದು ಹೊಂದುವುದಿಲ್ಲ. ಶಿಗ್ಗಾವಿ, ಸವಣೂರು ಕಂದಾಯಕ್ಕೆ ಎರಡು ತಾಲ್ಲೂಕು. ಟೆಲಿಫೋನಿಗೆ ಎರಡಕ್ಕೂ 08378 ಎಂಬ ಒಂದೇ ಕೋಡು. ಹಾನಗಲ್ಲಿಗೆ 08379, ಹಿರೇಕೆರೂರಿಗೆ 08376. ಲೈನ್ ಬಿದ್ದರೆ ದೂರು ಯಾರ ಮೇಜಿಗೆ ಹೋಗಬೇಕು ಎಂಬುದು ಸಾಲಿನಲ್ಲಿ ನಿಂತ ರೈತನಿಗಿರಲಿ, ಕೌಂಟರಿನ ಹುಡುಗನಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ದೂರದ ದಾಖಲೆಯ ಪರವಾಗಿ

ಇಷ್ಟು ಕೇಳಿದವರು ಹಳೆಯ ವ್ಯವಸ್ಥೆಯೇ ಚೆನ್ನಾಗಿತ್ತು ಎಂದುಕೊಳ್ಳುವುದು ಸಹಜ. ಹಾಗೆ ಹೇಳುವುದು ಅವಸರವಾದೀತು.

ಕೋಣೆಯೊಳಗಿನ ಸರ್ವರಿಗೆ ಕೋಣೆಯೊಳಗಿನ ಅಪಾಯಗಳೆಲ್ಲ ಇವೆ: ಸೋರುವ ಮಾಡು, ಸುಡುವ ಯುಪಿಎಸ್, ಸಾಯುವ ಹಾರ್ಡ್ ಡಿಸ್ಕ್. ಆಗಿನ 177 ತಾಲ್ಲೂಕುಗಳಲ್ಲಿ 177 ಸರ್ವರುಗಳಿದ್ದರೆ ಅವುಗಳ ಪ್ರತಿ ತೆಗೆದಿಡುವ, ತಂತ್ರಾಂಶ ಬದಲಿಸುವ, ರಿಪೇರಿ ಮಾಡುವ ಜನ ಅಷ್ಟೂ ಕಡೆ ಬೇಕು. ಯಂತ್ರ ಯಾರ ಕೈಗೆ ಎಟಕುತ್ತದೋ ದಾಖಲೆಯೂ ಅವರ ಕೈಗೆ ಎಟಕುತ್ತದೆ. ಬೆರಳಚ್ಚಿನ ಕಾವಲು ಮುಂಬಾಗಿಲಿನದು. ಯಂತ್ರವನ್ನೇ ಬಿಚ್ಚಬಲ್ಲವನಿಗೆ ಹಿಂಬಾಗಿಲು ಬೇರೆ. ಕೇಳಲು ಎದುರಿಗಿದ್ದ ಮನುಷ್ಯ ಹಿಂದೆ ಕೈಚಾಚುತ್ತಿದ್ದ ಮನುಷ್ಯನೂ ಹೌದು ಎಂಬುದನ್ನು ಮರೆಯಬಾರದು.

ಎರಡನೆಯ ವಾದ ದಾರಿ ಸವೆಸುವುದರದ್ದು. ತಾಲ್ಲೂಕಿನಲ್ಲೇ ಕೂತ ದಾಖಲೆ ತಾಲ್ಲೂಕಿನಲ್ಲಷ್ಟೇ ಸಿಗುತ್ತದೆ. ಅಕ್ಕಿಆಲೂರಿನವರು ಹಾನಗಲ್ಲಿಗೆ, ಬಂಕಾಪುರದವರು ಶಿಗ್ಗಾವಿಗೆ, ಹಂಸಭಾವಿಯವರು ಹಿರೇಕೆರೂರಿಗೆ ಬರಲೇಬೇಕು. ಒಂದು ದಿನದ ಕೂಲಿ ಹೋಯಿತು. ದಾಖಲೆ ಕೇಂದ್ರದಲ್ಲಿದ್ದು ಲೈನ್ ಇದ್ದರೆ ಹೋಬಳಿಯ ನಾಡಕಚೇರಿಯಲ್ಲೂ 2022ರಲ್ಲಿ ಶುರುವಾದ ಗ್ರಾಮ ಒನ್ ಕೇಂದ್ರದಲ್ಲೂ ಸರ್ಕಾರದ ಸೇವೆ ಸಿಗಬಹುದು. ಪುಣೆಯಲ್ಲಿ ದುಡಿಯುವ ಮಗ ಊರಿನ ಹೊಲದ ಉತಾರವನ್ನು ತನ್ನ ಫೋನಿನಲ್ಲೇ ನೋಡಬಹುದು. ತಿರುಗಾಟದ ಉಳಿತಾಯವನ್ನು ಲೈನ್ ಕೆಟ್ಟ ದಿನಗಳ ನಷ್ಟದ ಎದುರು ಇಟ್ಟರೆ ಉಳಿತಾಯವೇ ಭಾರ ಎಂದು ವಾದಿಸುವವರಿಗೆ ಆಧಾರವಿದೆ.

ಮೂರನೆಯದು ಎಲ್ಲಕ್ಕಿಂತ ಗಟ್ಟಿ. ಉತಾರ ಒಂಟಿ ಕಾಗದವಲ್ಲ. ಉಪನೋಂದಣಿ ಕಚೇರಿಯಲ್ಲಿ ಖರೀದಿ ಪತ್ರವಾದರೆ ಅದು ಉತಾರಕ್ಕೆ ತಿಳಿಯಬೇಕು. ಬ್ಯಾಂಕು ಸಾಲ ಕೊಟ್ಟರೆ ಬೋಜಾ ಏರಬೇಕು. ವಾರಸಾ ಆದರೆ ಹೆಸರು ಬದಲಾಗಬೇಕು. ಈ ಕಚೇರಿಗಳು ಒಂದಕ್ಕೊಂದು ಕೂಡಿಕೊಂಡಿರದಿದ್ದರೆ ಒಂದೇ ಹೊಲ ಇಬ್ಬರಿಗೆ ಮಾರಾಟವಾಗುವ, ಒಂದೇ ಉತಾರದ ಮೇಲೆ ಎರಡು ಬ್ಯಾಂಕಿನಲ್ಲಿ ಸಾಲ ಏಳುವ ಕಿಂಡಿ ತೆರೆದೇ ಇರುತ್ತದೆ. ದೇಶದ ರಾಜ್ಯ ವ್ಯಾಪ್ತಿ ಜಾಲಗಳ ಯೋಜನೆ ತಾಲ್ಲೂಕು ಮಟ್ಟದವರೆಗೆ ಕನಿಷ್ಠ 2 ಎಂಬಿಪಿಎಸ್ ಲೈನ್ ಇರಬೇಕೆಂದು ಗೊತ್ತುಪಡಿಸಿದ್ದು, ಕರ್ನಾಟಕ ಕೆಸ್ವಾನ್ ಜಾಲವನ್ನು ಕಟ್ಟಿದ್ದು ಇಂಥ ಕೂಡಿಕೆಗಾಗಿಯೇ. ಮೋಡೆಮ್ ಕಾಲದ 9600ಕ್ಕೆ ಹೋಲಿಸಿದರೆ ಅದು ಇನ್ನೂರು ಪಟ್ಟಿಗೂ ಹೆಚ್ಚು.

ಕೇಂದ್ರೀಕರಣಕ್ಕೆ ತನ್ನದೇ ಕಾಯಿಲೆಗಳೂ ಇವೆ. 2025ರ ಆರಂಭದಲ್ಲಿ ನೋಂದಣಿಯ ಕಾವೇರಿ 2.0 ತಾಣದ ಮೇಲೆ ಸುಳ್ಳು ಕೋರಿಕೆಗಳ ಪ್ರವಾಹ ಹರಿಸುವ ಸೈಬರ್ ದಾಳಿ ನಡೆದಾಗ ರಾಜ್ಯದುದ್ದಕ್ಕೂ ಉಪನೋಂದಣಿ ಕಚೇರಿಗಳ ಕೆಲಸ ಕುಂಟಿತು. ಊರಿನ ಸರ್ವರ್ ಸತ್ತರೆ ಒಂದು ತಾಲ್ಲೂಕು ನಿಲ್ಲುತ್ತದೆ; ನಡುಮನೆಯ ಸರ್ವರ್ ಮಲಗಿದರೆ ನಾಡೇ ನಿಲ್ಲುತ್ತದೆ. ಅಧಿಕಾರದ ಪ್ರಶ್ನೆಯೂ ಇದೆ. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ಪ್ರಬಂಧವೊಂದು ಭೂಮಿ ಯೋಜನೆಯನ್ನು ಬೇರೆಯೇ ಬದಿಯಿಂದ ನೋಡಿತು: ದಾಖಲೆ ಮೇಲಕ್ಕೆ ಹೋದಂತೆ ಊರಿನ ಮಟ್ಟದ ಮಾತುಕತೆಯ ದಾರಿಗಳು ಮುಚ್ಚಿ, ಜಮೀನು ಕೊಳ್ಳಲು ಬಂದ ದೊಡ್ಡವರಿಗೆ ಕೆಲಸ ಸಲೀಸಾಗುತ್ತದೆ ಎಂಬುದು ಅವರ ಆಕ್ಷೇಪ. ಬೆಂಗಳೂರಿನ ಸುತ್ತಮುತ್ತ ಎತ್ತಿದ ಈ ಮಾತು ಹತ್ತಿ, ಗೋವಿನಜೋಳದ ಹಿರೇಕೆರೂರಿಗೆ ಅಷ್ಟೇ ಸಲ್ಲುತ್ತದೆಂದು ಹೇಳಲಾಗದು. ಹೆದ್ದಾರಿಯ ಬದಿಯ ಶಿಗ್ಗಾವಿಗೆ ಸಲ್ಲುವುದಿಲ್ಲವೆಂದೂ ಹೇಳಲಾಗದು.

ಎಂಥ ಲೈನ್?

ದಾಖಲೆ ದೂರದಲ್ಲಿರುವುದೇ ಸರಿ ಎಂದರೂ ಯಾವ ದಾರಿಯಲ್ಲಿ ಬರಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಹಳೆಯ ತಾಮ್ರದ ಜೋಡಿತಂತಿಗೆ ಒಂದು ಗುಣವಿತ್ತು: ಅದರ ಕರೆಂಟು ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದಲೇ ಬರುತ್ತಿತ್ತು. ಊರಲ್ಲಿ ಕರೆಂಟು ಹೋದರೂ ಫೋನು ಬದುಕಿರುತ್ತಿತ್ತು. ಆದರೆ ಮಳೆನೀರು, ಸಿಡಿಲು, ತಾಮ್ರದ ಕಳ್ಳರು ಅದರ ಮೂರು ಶತ್ರುಗಳು; ಎಕ್ಸ್‌ಚೇಂಜಿನಿಂದ ದೂರವಾದಂತೆ ಬ್ರಾಡ್‌ಬ್ಯಾಂಡ್ ವೇಗವೂ ಇಳಿಯುತ್ತದೆ. ಗಾಜಿನ ಎಳೆಯ ಫೈಬರಿಗೆ ಸಿಡಿಲಿನ ಭಯವಿಲ್ಲ, ವೇಗಕ್ಕೆ ಕೊರತೆಯಿಲ್ಲ. ಎರಡೂ ತುದಿಗೆ ಊರಿನ ಕರೆಂಟೇ ಬೇಕು. ರಸ್ತೆ ಅಗಲ ಮಾಡುವ ಜೆಸಿಬಿಯ ಒಂದು ಹಲ್ಲು ತಾಗಿದರೆ ಎಲ್ಲವೂ ಒಟ್ಟಿಗೇ ಹೋಗುತ್ತದೆ. ಉಪಗ್ರಹದ ವಿಸ್ಯಾಟ್‌ಗೆ ಜೆಸಿಬಿ ತಾಗದು. ಆದರೆ 36 ಸಾವಿರ ಕಿಲೋಮೀಟರ್ ಮೇಲೆ ಹೋಗಿ ಬರಬೇಕಾದ್ದರಿಂದ ಕೇಳಿದ್ದಕ್ಕೆ ಉತ್ತರ ಬರಲು ಅರ್ಧ ಸೆಕೆಂಡು ಹಿಡಿಯುತ್ತದೆ.

ಆ ಅರ್ಧ ಸೆಕೆಂಡನ್ನು ಟರ್ಮಿನಲ್ ಮುಂದೆ ಕೂತವನು ಸಹಿಸಲಾರ. ಪ್ರಿಂಟರಿಗೆ ಅದು ಲೆಕ್ಕಕ್ಕೇ ಇಲ್ಲ. ಟರ್ಮಿನಲ್ ಕಳಿಸುವುದು ಸ್ವಲ್ಪ, ಬಯಸುವುದು ತಕ್ಷಣದ ಉತ್ತರ. ಪ್ರಿಂಟರಿಗೆ ಬರುವುದು ರಾಶಿ, ಅದು ತಡವಾದರೂ ನಡೆದೀತು. ಒಂದು ಸಾಲೂ ಕಳೆಯಬಾರದು ಅಷ್ಟೇ. ಹಳೆಯ ಖಾಸಗಿ ಎಕ್ಸ್‌ಚೇಂಜುಗಳಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸುತ್ತಿದ್ದದ್ದು ಇದಕ್ಕೇ. ನಮ್ಮ ಕಚೇರಿಗಳ ವಿನ್ಯಾಸ ಈ ಭೇದವನ್ನು ಮರೆತಂತಿದೆ. ತಿದ್ದುವ ಕೆಲಸವೂ ಪ್ರತಿ ತೆಗೆಯುವ ಕೆಲಸವೂ ಒಂದೇ ಲೈನಿಗೆ ಜೋತುಬಿದ್ದಿರುವುದರಿಂದ ಲೈನ್ ಬಿದ್ದಾಗ ಎರಡೂ ಒಟ್ಟಿಗೆ ನಿಲ್ಲುತ್ತವೆ.

ತೂಗಿದ ಮೇಲೆ

ನನ್ನ ಮಟ್ಟಿಗೆ ತಕ್ಕಡಿಯ ಮುಳ್ಳು ನಿಲ್ಲುವುದು ಈ ಭೇದದ ಮೇಲೆ. ತಿದ್ದುಪಡಿ ಕೇಂದ್ರದಲ್ಲೇ, ಲೈನ್ ಜೀವಂತವಿದ್ದಾಗಲೇ ಆಗಬೇಕು. ಮಾರಾಟ, ಅಡಮಾನ, ವಾರಸಾ ಒಂದು ದಿನ ತಡವಾದರೆ ತೊಂದರೆಯಾದೀತು. ತಪ್ಪಾದರೆ ಎರಡು ತಲೆಮಾರು ಕೋರ್ಟು ಅಲೆಯಬೇಕಾದೀತು. ಓದುವ ಪ್ರತಿ ಹಾಗಲ್ಲ. ಹಿಂದಿನ ರಾತ್ರಿ ಲೈನ್ ಬಿಡುವಾಗಿದ್ದಾಗ ಕೇಂದ್ರದಿಂದ ಇಳಿಸಿಕೊಂಡ, ತಿದ್ದಲು ಬಾರದಂತೆ ಡಿಜಿಟಲ್ ಸಹಿ ಬಿದ್ದ ಒಂದು ಪ್ರತಿ ತಾಲ್ಲೂಕಿನ ಯಂತ್ರದಲ್ಲಿದ್ದರೆ, ಲೈನ್ ಇಲ್ಲದ ದಿನವೂ ಉತಾರ ಅಚ್ಚಾಗಬಲ್ಲದು. ಅದರ ನೆತ್ತಿಯ ಮೇಲೆ "ಇಂಥ ದಿನ ಇಷ್ಟು ಗಂಟೆಯವರೆಗಿನ ದಾಖಲೆ" ಎಂದಿರಬೇಕು. ಬೆಳೆವಿಮೆಗೆ, ಬಿತ್ತನೆ ಬೀಜಕ್ಕೆ ಅದು ಸಾಕು. ಖರೀದಿಗೆ, ಹೊಸ ಸಾಲಕ್ಕೆ ಸಾಲದು.

ಬ್ಯಾಂಕುಗಳನ್ನು ತೋರಿಸಿ ಇದನ್ನು ಅಲ್ಲಗಳೆಯುವವರಿದ್ದಾರೆ. 1984ರ ರಂಗರಾಜನ್ ಸಮಿತಿಯ ನಂತರ ಶಾಖೆಗಳಿಗೆ ಬಂದ ಲೆಡ್ಜರ್ ಯಂತ್ರಗಳು ಶಾಖೆಯೊಳಗೇ ಲೆಕ್ಕ ಇಟ್ಟುಕೊಳ್ಳುತ್ತಿದ್ದವು. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಎಲ್ಲ ಕೇಂದ್ರಕ್ಕೆ ಹೋಯಿತು, ಯಾರೂ ಹಿಂದಕ್ಕೆ ಹೋಗುವ ಮಾತಾಡುವುದಿಲ್ಲ, ಉತಾರಕ್ಕೇಕೆ ಬೇರೆ ನ್ಯಾಯ ಎಂಬುದು ಅವರ ಪ್ರಶ್ನೆ. ಉತ್ತರ ಎರಡು ದಾಖಲೆಗಳ ಸ್ವಭಾವದಲ್ಲಿದೆ. ಖಾತೆಯ ಬಾಕಿ ದಿನಕ್ಕೆ ಹತ್ತು ಸಲ ಬದಲಾಗಬಹುದು; ನಿನ್ನೆಯ ಪಾಸ್‌ಬುಕ್ಕಿಗೆ ಇಂದು ಬೆಲೆಯಿಲ್ಲ. ಒಂದು ಸರ್ವೆ ನಂಬರಿನ ಮಾಲೀಕರ ಹೆಸರು ವರ್ಷಗಟ್ಟಲೆ ಹಾಗೇ ಇರುತ್ತದೆ. ನಿನ್ನೆಯ ಉತಾರ ಬಹುಪಾಲು ಸಂದರ್ಭಗಳಲ್ಲಿ ಇಂದಿಗೂ ನಿಜವೇ.

ಬಹುಪಾಲು ಎಂದರೆ ಎಲ್ಲವೂ ಅಲ್ಲ ಎಂಬ ಆಕ್ಷೇಪ ನಿಲ್ಲುತ್ತದೆ. ಎರಡು ಕಡೆ ಪ್ರತಿ ಇದ್ದರೆ ಎರಡು ಸತ್ಯಗಳು ಹುಟ್ಟುವ ಅಪಾಯವಿದೆ. ರಾತ್ರಿ ಪ್ರತಿ ಇಳಿಯಿತೋ ಇಲ್ಲವೋ ನೋಡಿಕೊಳ್ಳುವ ನೌಕರ ಬೇಕು. ಅಂಥವರು ಸಾಲದೆ ಬಂದದ್ದರಿಂದಲೇ ಅಲ್ಲವೇ ಸರ್ವರುಗಳನ್ನು ಮೇಲಕ್ಕೆ ಒಯ್ದದ್ದು ಎಂದು ಕೇಳಿದರೆ ಅದೂ ನ್ಯಾಯವೇ. ತಾರೀಖು ಓದದೆ ಹಳೆಯ ಪ್ರತಿಯ ಮೇಲೆ ಸಾಲ ಕೊಡುವ ಸೊಸೈಟಿ ಇರಬಹುದು. ತಾರೀಖು ನೋಡಿ ಬೇಕೆಂದೇ ಒಲ್ಲೆನೆನ್ನುವ ಗುಮಾಸ್ತನೂ ಇರಬಹುದು. ಈ ನಷ್ಟಗಳನ್ನು ಒಪ್ಪಿಕೊಂಡೇ ಹೇಳಬೇಕು: ವರ್ಷದಲ್ಲಿ ಲೈನ್ ಕೆಟ್ಟಿರುವ ದಿನಗಳು ಬೆರಳೆಣಿಕೆಯಷ್ಟಿರುವ ತಾಲ್ಲೂಕಿಗೆ ಈ ಎರಡನೆಯ ಪ್ರತಿಯ ಉಸಾಬರಿ ಬೇಡ. ಮುಂಗಾರಿನುದ್ದಕ್ಕೂ ಲೈನ್ ಬಂದು ಹೋಗಿ ಮಾಡುವ ತಾಲ್ಲೂಕಿಗೆ ಬೇಕು. ನಾಲ್ಕು ತಾಲ್ಲೂಕಿಗೂ ಒಂದೇ ಆದೇಶ ಸಲ್ಲದು. ಶಿಗ್ಗಾವಿಯ ಬದಿಗೆ ರಾಷ್ಟ್ರೀಯ ಹೆದ್ದಾರಿಯಿದೆ, ಸವಣೂರು ತಾಲ್ಲೂಕಿನ ಯಲವಿಗಿಯಲ್ಲಿ ರೈಲು ನಿಲ್ದಾಣವಿದೆ. ಫೈಬರ್ ಹೆಚ್ಚಾಗಿ ಹೆದ್ದಾರಿ, ಹಳಿಗಳ ಗುಂಟ ಸಾಗುವುದರಿಂದ ಅಲ್ಲಿ ಎರಡನೆಯ ದಾರಿಯ ಲೈನ್ ಹುಡುಕುವುದು ಸುಲಭ. ರೈಲು ಕಾಣದ ಹಾನಗಲ್ಲ, ಹಿರೇಕೆರೂರುಗಳಿಗೆ ಊರಿನ ಪ್ರತಿಯೇ ಅಗ್ಗದ ವಿಮೆ.

ಇದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ. ಪ್ರತಿ ತಾಲ್ಲೂಕಿನಲ್ಲಿ ಲೈನ್ ಯಾವಾಗ ಹೋಯಿತು, ಯಾವಾಗ ಬಂತು ಎಂಬ ದಾಖಲೆಯನ್ನು ಒಂದು ಮುಂಗಾರು ಪೂರ್ತಿ ಇಟ್ಟು ಪ್ರಕಟಿಸಲಿ. ಯಾವ ಕೆಲಸಕ್ಕೆ ಎಷ್ಟು ಹಳೆಯ ಉತಾರ ನಡೆಯುತ್ತದೆಂಬ ಪಟ್ಟಿಯನ್ನು ಕಂದಾಯ ಇಲಾಖೆ, ಬ್ಯಾಂಕುಗಳು, ವಿಮೆಯವರು ಕೂತು ಒಪ್ಪಿಕೊಳ್ಳಲಿ. ಪ್ರಿಂಟರು, ಲೈನ್, ರೌಟರುಗಳ ಹೊಂದಿಕೆಗಳೆಲ್ಲ ಗುತ್ತಿಗೆದಾರನ ತಲೆಯಲ್ಲಿ ಉಳಿಯದೆ ಕಚೇರಿಯ ಕಡತದಲ್ಲಿ ಬರಹಕ್ಕಿಳಿಯಲಿ. ಕೆಟ್ಟಾಗ ಯಾರನ್ನು ಕರೆಯಬೇಕೆಂಬ ಒಂದೇ ನಂಬರು ಕೌಂಟರಿನ ಮೇಲಿರಲಿ. ಲೈನಿನ ದಾಖಲೆ ಪ್ರಕಟವಾದ ಮೇಲೆ ಅಂಕಿಅಂಶ ನನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿ ಬಂದು, ಈ ನಾಲ್ಕೂ ಊರುಗಳಲ್ಲಿ ಲೈನ್ ನಿಲ್ಲುವುದು ಅಪರೂಪ ಎಂದು ತಿಳಿದರೆ, ಕೇಂದ್ರದ ಪಕ್ಷವೇ ಗೆದ್ದಂತೆ. ಊರಿನ ಪ್ರತಿಗೆ ಹಣ ಸುರಿಯುವುದು ಬೇಡ. ಅಲ್ಲಿಯವರೆಗೆ "ಸರ್ವರ್ ಇಲ್ಲ" ಎಂಬುದಕ್ಕೆ ಬಸ್ ಚಾರ್ಜು, ಕೂಲಿ ಕಳೆದುಕೊಂಡು ಬೆಲೆ ತೆರುತ್ತಿರುವವನು ರೈತನೊಬ್ಬನೇ ಎಂಬುದನ್ನು ಎರಡೂ ಪಕ್ಷದವರು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.